ಮೊದಲು ಅರ್ಧ ಕೂರೋದು ಕಲೀರಿ: ದೊಡ್ಡವರಿಗೆ ಭರತನಾಟ್ಯ, ಕೋಲುವರಸೆ

ಹಾಸನದಲ್ಲಿ ನಂದೊಂದು ಟೈಲರಿಂಗ್ ಅಂಗಡಿ. ಬ್ಲೌಸು, ಚೂಡಿದಾರ, ಶಾಲೆ ಯೂನಿಫಾರಂ ಜೊತೆಗೆ ಭರತನಾಟ್ಯದ ಉಡುಪೂ ಹೊಲೀತೀನಿ. ವರ್ಷಗಟ್ಟಲೆ ಬೇರೆಯವರ ಮಕ್ಕಳ ಸೊಂಟ, ತೊಡೆ ಅಳೆದೂ ಅಳೆದೂ 39ನೇ ವಯಸ್ಸಿಗೆ ನಾನೇ ಕ್ಲಾಸಿಗೆ ಸೇರಿದೆ. ಮರುವರ್ಷ ಮಗನನ್ನ ಕೋಲುವರಸೆಗೆ ಬಿಡೋಕೆ ಹೋದವಳು, ಸುಮ್ಮನೆ ಕಟ್ಟೆ ಮೇಲೆ ಕೂತಿರೋದ್ಯಾಕೆ ಅಂತ ಅಲ್ಲೂ ಸೇರಿದೆ. ಮಗ ಬಿಟ್ಟ, ನಾನು ಬಿಡಲಿಲ್ಲ. ಈಗ ಅಂಗಡಿಗೆ ಬರೋರು "ನಾವೂ ಕಲೀಬೋದಾ ಅಕ್ಕಾ?" ಅಂತಾರೆ. ಕಲೀಬೋದು. ಎಲ್ಲಿಂದ ಶುರು ಮಾಡ್ಬೇಕು ಅನ್ನೋದು ಮಾತ್ರ ಮುಖ್ಯ.

ಮೊದಲು ಕ್ಲಾಸು ಹುಡುಕೋದು. ಗೋಡೆ ಮೇಲಿನ ಪ್ರಶಸ್ತಿ ಫಲಕ ನೋಡ್ಬೇಡಿ, ನೆಲ ನೋಡಿ. ನಾನು ಮೊದಲು ಸೇರಿದ್ದು ಒಂದು ಮನೆ ಮಹಡಿ ಮೇಲಿನ ಕ್ಲಾಸಿಗೆ. ಕನ್ನಡಿ ಥರ ಹೊಳೆಯೋ ಟೈಲ್ಸು, ಅದರ ಕೆಳಗೆ ಕಾಂಕ್ರೀಟು. ಮೂರನೇ ತಿಂಗಳಿಗೇ ವಾರ್ಷಿಕೋತ್ಸವಕ್ಕೆ ಒಂದು ದೇವರನಾಮಕ್ಕೆ ಕುಣಿಸಿಬಿಟ್ಟರು. ಫೋಟೋ ಚೆನ್ನಾಗಿ ಬಂತು, ಬಲ ಮಂಡಿ ಊದಿಕೊಂಡಿತು. ಎರಡು ತಿಂಗಳು ಮಿಷನ್ ತುಳಿಯೋಕೂ ಆಗಲಿಲ್ಲ. ಈಗಿನ ಕ್ಲಾಸು ಹಳೇ ಹೆಂಚಿನ ಮನೆ ಹಜಾರ, ಮರದ ಹಲಗೆ ಹಾಸಿದ್ದಾರೆ. ಸೇರೋಕೆ ಮುಂಚೆ ಎರಡು ದಿನ ಹೋಗಿ ಮೂಲೇಲಿ ಕೂತು ನೋಡಿ. ಟೀಚರ್ ಕಣ್ಣು ಮಕ್ಕಳ ಪಾದದ ಮೇಲಿದೆಯಾ, ಮೊಬೈಲಿನ ಮೇಲಿದೆಯಾ? ತಟ್ಟುಮಣೆ ಮೇಲೆ ಕೋಲು ತಟ್ಟಿ ಬಾಯಲ್ಲಿ ಜತಿ, ಅಂದರೆ ತಕದಿಮಿ ಥರದ ತಾಳದ ಸೊಲ್ಲು, ಹೇಳ್ತಾರಾ, ಸ್ಪೀಕರಿಗೆ ಬಿಟ್ಟು ಕೂರ್ತಾರಾ? ಇಷ್ಟು ತಿಳಿದರೆ ಸಾಕು. ನೋಡೋಕೆ ಬಿಡಲ್ಲ ಅಂದರೆ ಚಪ್ಪಲಿ ಹಾಕ್ಕೊಂಡು ವಾಪಸ್ ಬನ್ನಿ.

ಇನ್ನು ಅರೆಮಂಡಿ. ಇಡೀ ಭರತನಾಟ್ಯ ನಿಂತಿರೋದು ಈ ಅರ್ಧ ಕೂರೋದರ ಮೇಲೆ. ಹಿಮ್ಮಡಿ ಹತ್ತಿರ, ಪಾದ ಎರಡೂ ಬದಿಗೆ ತಿರುಗಿ, ಬೆನ್ನು ನೆಟ್ಟಗೆ, ಮಂಡಿ ಬಗ್ಗಬೇಕಾದ್ದು ಪಾದದ ಬೆರಳು ತೋರಿಸೋ ದಿಕ್ಕಿಗೇ. ತಿರುವು ತೊಡೆಸಂದಿನಿಂದ ಬರಬೇಕು. ದೊಡ್ಡವರು ಮಾಡೋ ತಪ್ಪು ಏನಂದ್ರೆ, ಪಾದವನ್ನ ಮಾತ್ರ ಜಾಸ್ತಿ ತಿರುಗಿಸಿ ನಿಲ್ಲೋದು. ಮಂಡಿ ಮುಂದಕ್ಕೇ ನೋಡ್ತಾ ಇರುತ್ತೆ, ಪಾದ ಪಕ್ಕಕ್ಕೆ. ನಡುವೆ ಮಂಡಿಕೀಲು ಹಿಂಡಿದ ಬಟ್ಟೆ ಥರ ಆಗುತ್ತೆ. ನಂದು ಊದಿದ್ದು ಹೀಗೇನೇ.

ನಾನು ಕಂಡುಕೊಂಡ ಪರೀಕ್ಷೆ ಹೇಳ್ತೀನಿ. ಒಂದು ದಾರಕ್ಕೆ ಬಾಬಿನ್ ಕಟ್ಟಿ, ಅರೆಮಂಡಿಯಲ್ಲಿ ಕೂತಾಗ ಮಂಡಿಚಿಪ್ಪಿನ ನಡುವಿಂದ ಇಳಿಬಿಡಿ. ಬಾಬಿನ್ ಪಾದದ ಬೆರಳ ನೇರಕ್ಕೆ ತೂಗಬೇಕು. ಹೆಬ್ಬೆರಳಿಗಿಂತ ಒಳಗೆ ಬಿತ್ತೋ, ಪಾದ ಕಮ್ಮಿ ತಿರುಗಿಸಿ. ಅಂದ ಕಮ್ಮಿ ಆದರೂ ಪರವಾಗಿಲ್ಲ. ಇನ್ನೊಂದು, ಟೇಪು. ಸೊಂಟದಿಂದ ನೆಲಕ್ಕೆ ನಿಂತಾಗ ನಂದು 38 ಇಂಚು. ಶುರುವಲ್ಲಿ ಅರೆಮಂಡಿಗೆ ಇಳಿದರೆ 34. ವರ್ಷ ಕಳೆದ ಮೇಲೆ 31. ಅಂದರೆ ತಿಂಗಳಿಗೆ ಕಾಲಿಂಚು. ಮಕ್ಕಳು ಒಂದು ವಾರಕ್ಕೇ ಇಳಿದುಬಿಡ್ತಾರೆ, ಅವರ ಜೊತೆ ಪೈಪೋಟಿ ಬೇಡ. ಬೆನ್ನು ಗೋಡೆಗೆ ಆನಿಸಿ ದಿನಾ 10 ನಿಮಿಷ, ಅದಕ್ಕಿಂತ ಜಾಸ್ತಿ ಬೇಡ.

ಆಮೇಲೆ ತಟ್ಟಡವು, ಅಂದರೆ ಪಾದದಿಂದ ನೆಲ ತಟ್ಟೋ ಮೊದಲ ಹೆಜ್ಜೆ, "ತೈಯಾ ತೈ". ಪಾದ ಪೂರ್ತಿ ಒಟ್ಟಿಗೆ ನೆಲಕ್ಕೆ ಬೀಳಬೇಕು. ಹಿಮ್ಮಡಿ ಮೊದಲು ಬಿದ್ದರೆ ನೆತ್ತಿವರೆಗೂ ಝಮ್ ಅನ್ನುತ್ತೆ. ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಮಾಡಿಸ್ತಾರೆ. ಮೊದಲ ಕಾಲದಲ್ಲೇ ಹೆಚ್ಚು ದಿನ ಇರಿ. ನಿಧಾನದಲ್ಲಿ ಕಾಣೋ ತಪ್ಪು ವೇಗದಲ್ಲಿ ಮುಚ್ಚಿಹೋಗುತ್ತೆ ಅಷ್ಟೇ, ಸರಿಹೋಗಲ್ಲ. ಜತಿಗಳನ್ನ ನಾನು ಬಾಯಿಪಾಠ ಮಾಡಿದ್ದು ಕಾಲುಮಿಷನ್ ತುಳೀತಾ. ನೇರ ಹೊಲಿಗೆಗೆ ತಕದಿಮಿ, ಸಣ್ಣ ತಿರುವಿಗೆ ತಕಿಟ. ಖಂಡ ಅನ್ನೋ ಲಯದ 5 ಅಕ್ಷರಕ್ಕೆ, ತಕ ತಕಿಟ ಅಂದಾಗೆಲ್ಲ, ಕಾಲು ತಪ್ಪಿ ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ ಅಂತ ಕಿತ್ತುಹೋಗ್ತಿತ್ತು. ಗಿರಾಕಿ ಬ್ಲೌಸಲ್ಲಿ ಈ ಪ್ರಯೋಗ ಮಾಡ್ಬೇಡಿ.

ಹಸ್ತಗಳ, ಅಂದರೆ ಕೈಮುದ್ರೆಗಳ, ಚಿಂತೆ ಈಗಲೇ ಬೇಡ. ಅಭಿನಯದರ್ಪಣ ಅನ್ನೋ ಹಳೇ ನಾಟ್ಯಗ್ರಂಥದ ಪ್ರಕಾರ ಒಂಟಿ ಕೈಯ ಅಸಂಯುತ ಹಸ್ತ 28. ದಿನಕ್ಕೆರಡು ಅಂದರೂ ಎರಡು ವಾರಕ್ಕೆ ಬಾಯಿಗೆ ಬರುತ್ತೆ. ಅರೆಮಂಡಿ ತೊಡೆಗೆ ಬರೋದಕ್ಕೇ ವರ್ಷ ಬೇಕು. ಗೆಜ್ಜೆಯನ್ನೂ ಕೊಳ್ಳಬೇಡಿ. ಗೆಜ್ಜೆಪೂಜೆ, ಅಂದರೆ ಮೊದಲ ಸಲ ಗೆಜ್ಜೆ ಕಟ್ಟೋ ಶಾಸ್ತ್ರ, ಯಾವಾಗ ಅಂತ ಗುರುಗಳೇ ಹೇಳ್ತಾರೆ.

ಕೋಲಿಗೆ ಬರೋಣ. ನಮ್ಮ ಕ್ಲಾಸು ಭಾನುವಾರ ಬೆಳಿಗ್ಗೆ ಆರೂವರೆಗೆ, ಮೈದಾನದಲ್ಲಿ. ಪುಷ್ಯ ಮಾಸದ ಹಾಸನದ ಚಳಿ ಗೊತ್ತಲ್ಲ, ಮಂಜಲ್ಲಿ ಎದುರಿಗೆ ನಿಂತವರ ಕೋಲು ಕಾಣಲ್ಲ, ಸದ್ದು ಮಾತ್ರ ಕೇಳುತ್ತೆ. ಇಬ್ಬನಿ ಹುಲ್ಲು ಜಾರುತ್ತೆ, ಮಣ್ಣಿರೋ ಜಾಗ ನೋಡಿ ನಿಲ್ಲಿ. ಮೊದಲು 20 ಬಸ್ಕಿ, ಆಮೇಲೆ ಕೋಲು. ಕೋಲು ಗಟ್ಟಿ ಬಿದಿರಿಂದು, ಉದ್ದ ನಿಮ್ಮ ಹುಬ್ಬಿನ ಮಟ್ಟಕ್ಕೆ. ಗೆಣ್ಣು ಚೆನ್ನಾಗಿ ಉಜ್ಜಿ ನಯ ಮಾಡಿ, ಇಲ್ಲದಿದ್ರೆ ಅಂಗೈ ಸಿಪ್ಪೆ ಏಳುತ್ತೆ. ಹಿಡಿತ ಬಿಗಿ ಬೇಡ. ಕತ್ತರಿ ಹಿಡಿದಷ್ಟು ಸಡಿಲ ಇದ್ದರೆ ಮಣಿಕಟ್ಟು ತಿರುಗುತ್ತೆ. ಎಡಗೈಗೂ ಮೊದಲ ದಿನದಿಂದಲೇ ಅಷ್ಟೇ ಲೆಕ್ಕ. ಕಣ್ಣು ಕೋಲಿನ ಮೇಲಲ್ಲ, ಎದುರಿಗೆ. ಮೊಣಕಾಲಿಗೆ, ಕಿವಿಗೆ ಏಟು ಬೀಳುತ್ತೆ, ಬೀಳಲಿ. ಮನೆಯೊಳಗೆ ಮಾತ್ರ ತಿರುಗಿಸಬೇಡಿ. ನಮ್ಮ ಅಂಗಡಿ ಟ್ಯೂಬ್‌ಲೈಟಿನ ಚೂರು ಒಂದು ರೇಷ್ಮೆ ಸೀರೆ ಫಾಲ್ಸಿನೊಳಗೆ ಸೇರಿ, ಅದನ್ನ ಆರಿಸೋಕೆ ಅರ್ಧ ದಿನ ಹೋಯ್ತು.

ಕೋಲಿನ ಕ್ಲಾಸಲ್ಲೂ ಮಾಸ್ಟರು ಮೊದಲು ಹೇಳಿದ್ದು "ಕೂರಮ್ಮ, ಇನ್ನೂ ಕೂರು" ಅಂತ. ಒಂದು ಕಾಲು ಮುಂದೆ, ಮಂಡಿ ಬಗ್ಗಿಸಿ, ಭಾರ ತೊಡೆಗೆ. ಅದೇ ತೊಡೆ, ಅದೇ ಉರಿ. ಒಟ್ಟಿಗೆ ಎರಡೂ ಶುರು ಮಾಡ್ಬೇಡಿ ಅನ್ನೋದು ಇದಕ್ಕೇ. ಒಂದು ಕಡೆ ತೊಡೆ ಹದಕ್ಕೆ ಬರಲಿ, ಆರು ತಿಂಗಳಾದರೂ ಕಳೀಲಿ.

ಕಳರಿಪಯಟ್ಟು ಕೇಳೋರೂ ಇದ್ದಾರೆ. ಅದು ಕೇರಳದ ಕಾಳಗದ ಕಲೆ, ಸಾಂಪ್ರದಾಯಿಕ ಕಳರಿ ಅಂದರೆ 42 ಅಡಿ ಉದ್ದ, 21 ಅಡಿ ಅಗಲದ, ನೆಲ ಅಗೆದು ಇಳಿಸಿದ ಮಣ್ಣಿನ ಕಣ. ಕ್ರಮ ಹೀಗೆ: ಮೆಯ್‌ತಾರಿ ಮೈ ಪಳಗಿಸೋದು, ಕೋಲ್‌ತಾರಿ ಮರದ ಆಯುಧ, ಅಂಗತ್ತಾರಿ ಲೋಹದ ಆಯುಧ, ಕೊನೆಗೆ ವೆರುಂಕೈ, ಅಂದರೆ ಬರಿಗೈ. ಬರಿಗೈಯೇ ಕೊನೆಗೆ ಅನ್ನೋದು ನನಗೆ ಬಹಳ ಹಿಡಿಸಿತು. ಮೊದಲ ತಿಂಗಳೇ ಕತ್ತಿ ಕೊಟ್ಟು ಫೋಟೋ ತೆಗೆಸೋ ಕ್ಲಾಸಾದರೆ ಸೇರಬೇಡಿ.

"ಕುಣಿಯೋದಕ್ಕೂ ಹೊಡೆದಾಡೋದಕ್ಕೂ ಏನೇ ಸಂಬಂಧ?" ಅಂತ ನಮ್ಮತ್ತೆ ಕೇಳಿದ್ರು. ನಾನು ಜಟ್ಟಿ ತಾಯಮ್ಮನವರ ಕಥೆ ಹೇಳಿದೆ. ಮೈಸೂರು ಶೈಲಿಯ ಭರತನಾಟ್ಯದಲ್ಲಿ ದೊಡ್ಡ ಹೆಸರು, 1857ರಲ್ಲಿ ಹುಟ್ಟಿದವರು, ಅರಮನೆಯ ಕುಸ್ತಿ ಜಟ್ಟಿಗಳ ಮನೆ ಮಗಳು. ಅವರ ಶಿಷ್ಯೆ ವೆಂಕಟಲಕ್ಷಮ್ಮ ನಮ್ಮ ಪಕ್ಕದ ಕಡೂರು ಸೀಮೆಯ ತಂಗಲಿ ತಾಂಡ್ಯದವರು. 1992ರಲ್ಲಿ ಪದ್ಮಭೂಷಣ ಬಂತು. ಎಂಟನೇ ವಯಸ್ಸಿಗೇ ಕಲಿಯೋಕೆ ಹೋದ್ರಂತೆ ಅಂದೆ. "ಅವರು ಎಂಟಕ್ಕೆ, ನೀನು ಮೂವತ್ತೊಂಬತ್ತಕ್ಕೆ" ಅಂದ್ರು ಅತ್ತೆ. ಅಲ್ಲಿಗೆ ಮಾತು ಮುಗೀತು.

ಒಂದು ಸಲ ಬೇಲೂರಿಗೆ ಹೋಗಿ ಬನ್ನಿ, ಗೈಡು ಬೇಡ. ಹಾಸನದಿಂದ ಬಸ್ಸಲ್ಲಿ ಒಂದು ಗಂಟೆ ಹಾದಿ. 1117ರ ಚೆನ್ನಕೇಶವನ ಗುಡಿ, ಎಲ್ಲರೂ ಕತ್ತೆತ್ತಿ ದರ್ಪಣಸುಂದರಿ ಮುಖ ನೋಡ್ತಾರೆ, ನೀವು ಮದನಿಕೆಯರ ಮಂಡಿ ನೋಡಿ. ಕುಣಿಯೋ ಮದನಿಕೆಯಲ್ಲಿ ಮಂಡಿ ಯಾವ ಕಡೆಗೋ ಪಾದದ ಬೆರಳೂ ಆ ಕಡೆಗೇ. ನನ್ನ ಬಾಬಿನ್ ದಾರ ಅಲ್ಲೂ ಸರಿಯಾಗಿ ಇಳೀತಿತ್ತೇನೋ. ಆಮೇಲೆ ಬಾಗಿಲ ಪಕ್ಕದ ಸಳನನ್ನ ನೋಡಿ. ಮೃಗಕ್ಕೆ ಇರಿಯೋ ಭಾರ ಎಲ್ಲಾ ಬಗ್ಗಿದ ಕಾಲಿನ ಮೇಲಿದೆ. ನಮ್ಮ ಮಾಸ್ಟರ್ ನೋಡಿದ್ರೆ ಅವನಿಗೂ "ಇನ್ನೂ ಕೂರಪ್ಪ" ಅಂತಿದ್ರು. ಮೈ ಮೂರು ಕಡೆ ಬಳುಕಿಸಿ ನಿಂತ ತ್ರಿಭಂಗಿಯನ್ನ ಮನೆಗೆ ಬಂದು ಅನುಕರಿಸೋಕೆ ಹೋಗ್ಬೇಡಿ, ಸೊಂಟ ಹಿಡ್ಕೊಳ್ಳುತ್ತೆ.

ಬಟ್ಟೆ ವಿಷಯ ನನ್ನ ಹೊಟ್ಟೆಪಾಡಿಗೇ ವಿರುದ್ಧ, ಆದರೂ ಹೇಳ್ತೀನಿ: ಮೊದಲ ಎರಡು ವರ್ಷ ರೇಷ್ಮೆ ಉಡುಪು ಹೊಲಿಸಬೇಡಿ. ಹತ್ತಿಯ ಪೈಜಾಮ, ಮೇಲೊಂದು ಗಿಡ್ಡ ಹತ್ತಿ ಸೀರೆ ಸಾಕು. ಪೈಜಾಮಕ್ಕೆ ತೊಡೆಸಂದಿನಲ್ಲಿ ಒಂದು ಚೌಕದ ತುಂಡು ಸೇರಿಸೋಕೆ ಹೇಳಿ, ಇಲ್ಲದಿದ್ರೆ ಅರೆಮಂಡಿಗೆ ಕೂತ ಮೊದಲ ದಿನವೇ ಪರ್ರ್ ಅನ್ನುತ್ತೆ. ಅದನ್ನೇ ಕೋಲಿಗೂ ಹಾಕ್ಕೋಬೋದು.

ಉಡುಪು ಹೊಲಿಸೋ ದಿನ ಬಂದಾಗ, ನಿಲ್ಲಿಸಿ ಅಳತೆ ತಗೊಳ್ಳೋ ಟೈಲರ್ ಹತ್ರ ಹೋಗ್ಬೇಡಿ. ಮುಂದಿನ ನೆರಿಗೆ, ನಾವು ಫ್ಯಾನ್ ಅಂತೀವಲ್ಲ, ಅದು ಬಿಚ್ಚಿಕೊಳ್ಳೋದು ಕೂತಾಗ. ನಾನು ಅರೆಮಂಡಿಯಲ್ಲಿ ಕೂರಿಸಿಯೇ ಮಂಡಿಯಿಂದ ಮಂಡಿಗೆ ಟೇಪು ಹಿಡೀತೀನಿ. ಬರೆದುಕೊಳ್ಳೋಕೆ ಒಂದು ನಿಮಿಷ ಬೇಕು. ಅಷ್ಟರೊಳಗೆ ತೊಡೆ ನಡುಗಿದರೆ ಏನೂ ಅನ್ನಲ್ಲ, ಎರಡು ಇಂಚು ಬಟ್ಟೆ ಒಳಗೆ ಮಡಚಿಟ್ಟು ಹೊಲೀತೀನಿ. ಮುಂದಿನ ವರ್ಷ ಬಂದು ಬಿಚ್ಚಿಸಿಕೊಂಡು ಹೋಗ್ತಾರೆ.