ವಿದೇಶಿ ಸೊಸೆ, ಅಳಿಯ ಊರಿಗೆ ಬರುವ ಮುನ್ನ: ವೀಸಾ, ಓಸಿಐ ಸಿದ್ಧತೆ ಹೇಗೆ?

ಹೊರದೇಶದಲ್ಲಿ ನೆಲೆಸಿದ ಮಗನೋ ಮಗಳೋ ಅಲ್ಲಿಯವರನ್ನೇ ಮದುವೆಯಾಗಿ, ಬಾಳಸಂಗಾತಿಯನ್ನು ಮೊದಲ ಸಲ ಊರಿಗೆ ಕರೆತರುವಾಗ ವಿಮಾನದ ಟಿಕೆಟ್ ಮೊದಲು, ಕಾಗದಪತ್ರ ಆಮೇಲೆ ಎನ್ನುವುದೇ ಹೆಚ್ಚಿನ ಮನೆಗಳ ರೂಢಿ. ಭಾರತೀಯರ ಕೈಹಿಡಿದ ಮಾತ್ರಕ್ಕೆ ವಿದೇಶಿಯರಿಗೆ ವೀಸಾದಿಂದ ವಿನಾಯಿತಿ ಸಿಗುವುದಿಲ್ಲ. ಅವರಿಗೆ ಸಾಮಾನ್ಯವಾಗಿ ಒದಗುವ ದಾರಿಗಳು ಮೂರು: ಇ-ಟೂರಿಸ್ಟ್ ವೀಸಾ, ಎಂಟ್ರಿ ವೀಸಾ ಮತ್ತು ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಅಂದರೆ ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್. ಎಷ್ಟು ದಿನ ಉಳಿಯುತ್ತಾರೆ, ಮದುವೆ ನೋಂದಣಿಯಾಗಿ ಎಷ್ಟು ಕಾಲವಾಗಿದೆ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ.

ಮೊದಲಿಗೆ ಪಾಸ್‌ಪೋರ್ಟ್ ತೆಗೆದು ನೋಡಿ. ಅದು ಕನಿಷ್ಠ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಮದುವೆಯ ನಂತರ ಕುಲನಾಮ ಬದಲಿಸಿಕೊಂಡವರು ಹೊಸ ಹೆಸರಿನ ಪಾಸ್‌ಪೋರ್ಟ್ ಕೈಗೆ ಬಂದ ಮೇಲಷ್ಟೇ ಅರ್ಜಿ ಹಾಕುವುದು ಒಳ್ಳೆಯದು. ವೀಸಾ, ಟಿಕೆಟ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಆಗಿರಬೇಕು.

ಹಬ್ಬಕ್ಕೋ ಗೃಹಪ್ರವೇಶಕ್ಕೋ ಬಂದು ಕೆಲವು ವಾರಗಳಲ್ಲಿ ಮರಳುವವರಿಗೆ ಇ-ಟೂರಿಸ್ಟ್ ವೀಸಾ ಸಾಕು. ಬಂಧುಗಳನ್ನು ಕಾಣಲು ಬರುವುದನ್ನೂ ಅದು ಒಳಗೊಳ್ಳುತ್ತದೆ. 30 ದಿನ, ಒಂದು ವರ್ಷ, ಐದು ವರ್ಷ ಎಂಬ ಅವಧಿಗಳಲ್ಲಿ ಇದು ದೊರೆಯುತ್ತದೆ. ಬೆಂಗಳೂರು ಮತ್ತು ಮಂಗಳೂರು ವಿಮಾನ ನಿಲ್ದಾಣಗಳೆರಡರಲ್ಲೂ ಇದರ ಮೇಲೆ ಇಳಿಯಬಹುದು. ಅರ್ಜಿಯನ್ನು ಪ್ರಯಾಣಕ್ಕೆ ಕನಿಷ್ಠ ನಾಲ್ಕು ದಿನ ಮೊದಲು ಸಲ್ಲಿಸಬೇಕು. ಸರ್ಕಾರಿ ಜಾಲತಾಣವನ್ನೇ ಹೋಲುವ, ಹೆಚ್ಚುವರಿ ಶುಲ್ಕ ಕೀಳುವ ಖಾಸಗಿ ತಾಣಗಳು ಹಲವಿರುವುದರಿಂದ ವಿಳಾಸ ‘ಗವ್ ಡಾಟ್ ಇನ್’ ಎಂದೇ ಮುಗಿಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಿಳಿ ಹಿನ್ನೆಲೆಯ ಚೌಕಾಕಾರದ ಭಾವಚಿತ್ರ ಮತ್ತು 300 ಕೆಬಿ ಮೀರದ ಪಾಸ್‌ಪೋರ್ಟ್ ಪುಟದ ಪಿಡಿಎಫ್ ಸಿದ್ಧವಾಗಿರಲಿ. ಭಾರತದಲ್ಲಿ ಪರಿಚಯಸ್ಥರು ಯಾರು ಎಂದು ಕೇಳುವ ಜಾಗದಲ್ಲಿ ಅತ್ತೆ-ಮಾವನ ಹೆಸರು, ಪೂರ್ತಿ ವಿಳಾಸ, ಫೋನ್ ಸಂಖ್ಯೆ ಬರೆಯಬಹುದು. ತಂದೆ-ತಾಯಿ ಅಥವಾ ಅಜ್ಜ-ಅಜ್ಜಿ ಪಾಕಿಸ್ತಾನದ ಪ್ರಜೆಗಳಾಗಿದ್ದರೇ ಎಂಬ ಪ್ರಶ್ನೆಯೂ ಅರ್ಜಿಯಲ್ಲಿದೆ. ಹೌದಾದರೆ ಇ-ವೀಸಾ ಬಿಟ್ಟು ಭಾರತೀಯ ರಾಯಭಾರ ಕಚೇರಿಯ ಮೂಲಕವೇ ಸಾಮಾನ್ಯ ವೀಸಾಕ್ಕೆ ಅರ್ಜಿ ಹಾಕಬೇಕು.

ಬಂದಿಳಿದ ಮೇಲೆ ಮನೆಯವರ ಪಾಲಿನ ಕೆಲಸವೂ ಒಂದಿದೆ. ವಿದೇಶಿಯರು ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸುವ, ‘ಫಾರ್ಮ್ ಸಿ’ ಎಂದೇ ರೂಢಿಯಲ್ಲಿರುವ ನಿಯಮ ಹೋಟೆಲುಗಳಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಸೊಸೆ ಮಾವನ ಮನೆಯಲ್ಲೇ ಉಳಿದರೂ ಅದು ಅನ್ವಯಿಸುತ್ತದೆ. ಸಲ್ಲಿಸಿದ್ದರ ಪ್ರತಿಯನ್ನು ಎತ್ತಿಡಿ. ಮುಂದೆ ವೀಸಾ ಬದಲಾವಣೆಗೆ ಹೋದಾಗ ವಾಸದ ಪುರಾವೆಯಾಗಿ ಅದನ್ನೇ ಕೇಳುತ್ತಾರೆ.

ಇಷ್ಟು ಸುಲಭದ ಭಾಗ. ಮುಂದಿನ ಎರಡೂ ದಾರಿಗಳು ನಿಂತಿರುವುದು ಮದುವೆಯ ನೋಂದಣಿ ಪತ್ರದ ಮೇಲೆ, ತೊಡಕು ಹುಟ್ಟುವುದೂ ಅಲ್ಲೇ. ಊರಿನ ಛತ್ರದಲ್ಲಿ ಶಾಸ್ತ್ರೋಕ್ತವಾಗಿ ಧಾರೆ ಎರೆದಿದ್ದರೂ, ದಂಪತಿಯಲ್ಲಿ ಒಬ್ಬರು ಹಿಂದೂ ಅಲ್ಲದಿದ್ದರೆ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಸಾಧ್ಯವಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಗೆ ಹೋಗಬೇಕು. ಈಗಾಗಲೇ ನಡೆದ ಮದುವೆಯನ್ನು ಆ ಕಾಯ್ದೆಯಡಿ ನೋಂದಾಯಿಸಲು ದಂಪತಿ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು, ಅರ್ಜಿ ಕೊಟ್ಟ ನಂತರ ಆಕ್ಷೇಪಣೆಗೆಂದು ಮತ್ತೆ 30 ದಿನ ಕಾಯಬೇಕು. ಎರಡನ್ನೂ ಕೂಡಿದರೆ 30 ದಿನದ ವೀಸಾದಲ್ಲಿ ಬಂದವರಿಗೆ ಈ ಕೆಲಸ ಆಗದು ಎಂಬುದು ಸ್ಪಷ್ಟ. ಇದಕ್ಕಿಂತ, ಸಂಗಾತಿಯ ದೇಶದಲ್ಲಿಯೇ ಕಾನೂನುಬದ್ಧವಾಗಿ ಮದುವೆಯಾಗಿ, ಆ ಪ್ರಮಾಣಪತ್ರಕ್ಕೆ ಅಪೊಸ್ಟೀಲ್ ಮುದ್ರೆ (ಬೇರೆ ದೇಶದಲ್ಲೂ ಒಪ್ಪುವಂತೆ ಪತ್ರ ಕೊಟ್ಟ ದೇಶವೇ ಹಾಕುವ ದೃಢೀಕರಣ) ಹಾಕಿಸಿಕೊಂಡು ಬರುವುದು ಎಷ್ಟೋ ಹಗುರ. ಪತ್ರ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ದೃಢೀಕೃತ ಅನುವಾದವನ್ನೂ ಜೊತೆಗಿಡಿ.

ಈ ಪತ್ರವಿದ್ದರೆ, ತಿಂಗಳುಗಟ್ಟಲೆ ಉಳಿಯಬೇಕಾದವರು ಎಂಟ್ರಿ ವೀಸಾ ಪಡೆಯಬಹುದು. ಕಚೇರಿಗಳಲ್ಲಿ ಇದನ್ನು ಎಕ್ಸ್ ವೀಸಾ ಎನ್ನುತ್ತಾರೆ. ರಾಯಭಾರ ಕಚೇರಿಯಲ್ಲಿ ಅರ್ಜಿ ಹಾಕುವುದು ನೇರ ಮಾರ್ಗ. ಬೇರೆ ವೀಸಾದಲ್ಲಿ ಬಂದವರು ಭಾರತೀಯ ಪ್ರಜೆಯ ಸಂಗಾತಿ ಎಂಬ ಆಧಾರದ ಮೇಲೆ ಇಲ್ಲಿಯೇ ಪರಿವರ್ತನೆ ಕೋರುವುದಕ್ಕೂ ಅವಕಾಶವಿದೆ. ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಬೆಂಗಳೂರಿನ ಕಚೇರಿ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿದೆ. 180 ದಿನಕ್ಕಿಂತ ದೀರ್ಘ ಅವಧಿಯ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ 14 ದಿನದೊಳಗೆ ಇದೇ ಪೋರ್ಟಲ್ ಮೂಲಕ ತಮ್ಮ ಹೆಸರು ನೋಂದಾಯಿಸಿಕೊಳ್ಳಬೇಕು. ಪ್ರತಿ ಸಲದ ವಾಸ 180 ದಿನ ಮೀರದಿದ್ದರೆ ನೋಂದಣಿ ಬೇಡ ಎಂಬ ಷರತ್ತು ವೀಸಾದ ಮೇಲೆಯೇ ಅಚ್ಚಾಗಿರುವುದೂ ಉಂಟು. ಆದ್ದರಿಂದ ಅಕ್ಕಪಕ್ಕದವರ ಅನುಭವ ನಂಬುವುದಕ್ಕಿಂತ ವೀಸಾವನ್ನೇ ಓದುವುದು ಮೇಲು.

ವರ್ಷವರ್ಷವೂ ಬಂದುಹೋಗುವವರಿಗೆ ಓಸಿಐ ಕಾರ್ಡೇ ಸರಿ. ಜೀವನಪರ್ಯಂತ ಎಷ್ಟು ಬಾರಿಯಾದರೂ ಬರಬಹುದು, ಎಫ್‌ಆರ್‌ಆರ್‌ಒ ನೋಂದಣಿಯ ಗೋಜಿಲ್ಲ. 1955ರ ಪೌರತ್ವ ಕಾಯ್ದೆಯ 7ಎ ಕಲಮಿನ ಪ್ರಕಾರ ಭಾರತೀಯ ಪ್ರಜೆ ಅಥವಾ ಓಸಿಐ ಕಾರ್ಡುದಾರರ ವಿದೇಶಿ ಸಂಗಾತಿ ಇದಕ್ಕೆ ಅರ್ಹರು, ಆದರೆ ಮದುವೆ ನೋಂದಣಿಯಾಗಿ, ಅರ್ಜಿಗೆ ಹಿಂದಿನ ಎರಡು ವರ್ಷ ಅದು ನಿರಂತರವಾಗಿ ಊರ್ಜಿತದಲ್ಲಿರಬೇಕು. ಹತ್ತು ವರ್ಷದ ಹಿಂದೆ ಮದುವೆಯಾಗಿ ನೋಂದಣಿಯನ್ನೇ ಮಾಡಿಸದವರು ಇಲ್ಲಿ ಪೇಚಿಗೆ ಸಿಲುಕುತ್ತಾರೆ. ಸಂಗಾತಿ ಅಥವಾ ಅವರ ಹಿರಿಯರು ಪಾಕಿಸ್ತಾನ, ಬಾಂಗ್ಲಾದೇಶಗಳ ಪ್ರಜೆಗಳಾಗಿದ್ದರೆ ಓಸಿಐ ಸಿಗದು. ಟೂರಿಸ್ಟ್ ವೀಸಾದಲ್ಲಿದ್ದುಕೊಂಡು ಭಾರತದೊಳಗಿನಿಂದ ಅರ್ಜಿ ಹಾಕುವಂತಿಲ್ಲ. ತಮ್ಮ ದೇಶದಲ್ಲಿನ ಭಾರತೀಯ ಕಚೇರಿಯ ಮೂಲಕವೇ ಹಾಕಬೇಕು. ಭದ್ರತಾ ಪರಿಶೀಲನೆ ಕಡ್ಡಾಯವಾದ್ದರಿಂದ ಮುಂದಿನ ಪ್ರವಾಸದ ದಿನಾಂಕವನ್ನು ಇದಕ್ಕೆ ಗಂಟುಹಾಕಬೇಡಿ.

ಕಾರ್ಡ್ ಬಂದ ಮೇಲೂ ಸಂಗಾತಿಗಳಿಗೆ ಒಂದು ಹೊಣೆ ಉಳಿಯುತ್ತದೆ. ಹೊಸ ಪಾಸ್‌ಪೋರ್ಟ್ ಪಡೆದಾಗಲೆಲ್ಲ, ಮೂರು ತಿಂಗಳೊಳಗೆ, ಅದರ ಪ್ರತಿ, ಇತ್ತೀಚಿನ ಭಾವಚಿತ್ರ ಹಾಗೂ ಮದುವೆ ಈಗಲೂ ಊರ್ಜಿತದಲ್ಲಿದೆ ಎಂಬ ಘೋಷಣೆಯನ್ನು ಓಸಿಐ ಪೋರ್ಟಲ್‌ಗೆ ಏರಿಸಬೇಕು. ವಿಚ್ಛೇದನವಾದರೆ ಕಾರ್ಡ್ ರದ್ದಾಗಬಹುದು. ಇನ್ನು, ಈ ಕಾರ್ಡಿನ ಹೆಸರಿನಲ್ಲಿ ಪೌರತ್ವದ ಮಾತಿದ್ದರೂ ಮತದಾನದ ಹಕ್ಕಾಗಲೀ ಕೃಷಿಭೂಮಿ ಕೊಳ್ಳುವ ಅವಕಾಶವಾಗಲೀ ಇದರಿಂದ ಬರುವುದಿಲ್ಲ. ಸೊಸೆಯ ಹೆಸರಿನಲ್ಲಿ ಒಂದೆರಡು ಎಕರೆ ತೋಟ ಕೊಳ್ಳಬೇಕೆಂದಿರುವ ಮಾವಂದಿರು ಮುಂಗಡ ಕೊಡುವ ಮೊದಲೇ ಇದನ್ನು ಗಮನಿಸಬೇಕು.