ಎಂಟನೇ ಕ್ಲಾಸಿಗೆ ಯಾವ ಸರ್ಕಾರಿ ಹೈಸ್ಕೂಲು? ಹೋಲಿಸಿ ನೋಡುವುದು ಹೀಗೆ

ಏಳನೇ ಕ್ಲಾಸು ಮುಗಿಸಿದ ಮಗುವಿಗೆ ಹೈಸ್ಕೂಲು ಹುಡುಕುವಾಗ ಎಷ್ಟೋ ಅಪ್ಪ ಅಮ್ಮಂದಿರು ಗೇಟಿಗೆ ಕಟ್ಟಿದ ಫ್ಲೆಕ್ಸ್ ಓದಿ ತೀರ್ಮಾನ ಮಾಡಿಬಿಡುತ್ತಾರೆ. ‘ಎಸ್ಸೆಸ್ಸೆಲ್ಸಿಯಲ್ಲಿ ಶೇ 100 ಫಲಿತಾಂಶ’. ನಮ್ಮ ಅಕ್ಕನ ಮಗಳು ಸೇರಿದ್ದು ಅಂಥದ್ದೇ ಒಂದು ಶಾಲೆಗೆ. ಒಂಬತ್ತನೇ ಕ್ಲಾಸಿನ ದಸರಾ ರಜೆ ಬಂದರೂ ಅವಳ ಗಣಿತದ ನೋಟ್ಸ್‌ನಲ್ಲಿ ಬರೆದಿದ್ದು ನಾಲ್ಕೇ ಪುಟ. ಪಾಠ ಮಾಡಲು ಮೇಷ್ಟ್ರೇ ಇರಲಿಲ್ಲ. ಆರು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ಒಳ್ಳೆಯ ಗಣಿತದ ಮೇಡಂ ಇದ್ದರು. ನಾವು ಕೇಳಿಯೇ ಇರಲಿಲ್ಲ.

ಮೊದಲು ಪಟ್ಟಿ ಮಾಡಿ. ಮನೆಯಿಂದ ದಿನಾ ಹೋಗಿಬರಬಹುದಾದ ಮೂರು ನಾಲ್ಕು ಶಾಲೆ ಸಾಕು. ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರದಲ್ಲಿದ್ದರೆ ಅದೂ ಇರಲಿ. ಪ್ರತಿ ಶಾಲೆಗೂ 29ರಿಂದ ಶುರುವಾಗುವ 11 ಅಂಕಿಯ ಯು-ಡೈಸ್ ಸಂಖ್ಯೆ, ಅಂದರೆ ಶಾಲೆಯ ಸರ್ಕಾರಿ ಗುರುತಿನ ಸಂಖ್ಯೆ ಇರುತ್ತದೆ. ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಮಕ್ಕಳು ಎಷ್ಟು, ಶಿಕ್ಷಕರು ಎಷ್ಟು, ಶೌಚಾಲಯ ಇದೆಯಾ ಎಂದು ತಿಳಿಯುತ್ತದೆ. ಯೂಟ್ಯೂಬಿನ ‘ಟಾಪ್ 10 ಶಾಲೆ’ ವಿಡಿಯೊಗಳನ್ನು ಮಾತ್ರ ನಂಬಬೇಡಿ. ಆ ಪಟ್ಟಿ ಮಾಡುವವರು ನಿಮ್ಮೂರಿನ ಶಾಲೆಗೆ ಕಾಲಿಟ್ಟಿರುವುದಿಲ್ಲ.

ಈಗ ಫಲಿತಾಂಶ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಶೇಕಡಾವಾರು ಕೇಳಬೇಡಿ, ತಲೆ ಲೆಕ್ಕ ಕೇಳಿ. ಪರೀಕ್ಷೆಗೆ ಕೂತವರು ಎಷ್ಟು, ಪಾಸಾದವರು ಎಷ್ಟು, ಅದೇ ಮಕ್ಕಳು ಎಂಟನೇ ಕ್ಲಾಸಿಗೆ ಸೇರಿದಾಗ ಎಷ್ಟಿದ್ದರು? ಒಂದು ಉದಾಹರಣೆ ನೋಡಿ. ಒಂದು ಶಾಲೆಯಲ್ಲಿ 18 ಮಕ್ಕಳು ಪರೀಕ್ಷೆಗೆ ಕೂತು 18 ಜನವೂ ಪಾಸಾದರು. ಶೇ 100. ಆದರೆ ಎಂಟನೇ ಕ್ಲಾಸಿನಲ್ಲಿ 27 ಮಕ್ಕಳಿದ್ದರು. ಇನ್ನೊಂದು ಶಾಲೆಯಲ್ಲಿ 112 ಮಕ್ಕಳು ಕೂತು 95 ಜನ ಪಾಸಾದರು. ಶೇ 85ರ ಹತ್ತಿರ. ಅಲ್ಲಿ ಎಂಟನೇ ಕ್ಲಾಸಿಗೆ ಸೇರಿದವರು 116. ಸೇರಿದವರ ಲೆಕ್ಕ ಹಿಡಿದರೆ ಮೊದಲನೆಯದು ಶೇ 67, ಎರಡನೆಯದು ಶೇ 82. ಮೊದಲ ಶಾಲೆಯ ಆ ಒಂಬತ್ತು ಮಕ್ಕಳು ಎಲ್ಲಿ ಹೋದರು? ಅಪ್ಪನಿಗೆ ವರ್ಗವಾಗಿ ಟಿಸಿ ತೆಗೆದುಕೊಂಡರೆ ಬೇರೆ ಮಾತು, ಅವರನ್ನು ಲೆಕ್ಕದಿಂದ ಬಿಡಿ. ಶಾಲೆಯನ್ನೇ ಬಿಟ್ಟಿದ್ದರೆ ಅದು ನಿಮಗೆ ಗೊತ್ತಾಗಲೇಬೇಕಾದ ವಿಷಯ.

ಒಂದೇ ವರ್ಷದ ಅಂಕಿ ಹಿಡಿದು ಕೂರಬೇಡಿ. 18 ಮಕ್ಕಳಿರುವ ಕಡೆ ಒಬ್ಬ ಫೇಲಾದರೂ ಐದಾರು ಪರ್ಸೆಂಟ್ ಇಳಿಯುತ್ತದೆ. ಮೂರು ವರ್ಷದ್ದು ಕೇಳಿ. ಆ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಅಳೆಯಬೇಡಿ, ಆಯಾ ವರ್ಷದ ತಾಲ್ಲೂಕಿನ ಸರಾಸರಿಯ ಜೊತೆ ಅಳೆಯಿರಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ನೇರ ನಿಗಾ ಬಂತು. ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಆ ವರ್ಷ ಹತ್ತು ಪರ್ಸೆಂಟ್ ಕಡಿಮೆಯಾದ ಶಾಲೆ ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ, ಅಲ್ವಾ? 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಎಲ್ಲ ಶಾಲೆಗಳಲ್ಲೂ ‘ಪರೀಕ್ಷೆ-1’ರ ಫಲಿತಾಂಶವನ್ನೇ ಕೇಳಿ. ಒಬ್ಬರು ಮೊದಲನೆಯದನ್ನು, ಇನ್ನೊಬ್ಬರು ಎಲ್ಲವನ್ನೂ ಸೇರಿಸಿ ಹೇಳಿದರೆ ಹೋಲಿಕೆಗೆ ಅರ್ಥವಿಲ್ಲ.

ಕೊನೆಗೆ ಗಣಿತದ ಅಂಕ ನೋಡಿ. 100ರಲ್ಲಿ 20 ಆಂತರಿಕ ಅಂಕ, ಅದನ್ನು ಕೊಡುವುದು ಶಾಲೆಯೇ. ಉಳಿದ 80ಕ್ಕೆ ಮಕ್ಕಳು ಎಷ್ಟು ತೆಗೆದಿದ್ದಾರೆ ಎಂಬುದರಲ್ಲಿ ಪಾಠದ ಗುಣ ಕಾಣುತ್ತದೆ. ಇದನ್ನೆಲ್ಲ ಹೆಡ್‌ಮಾಸ್ಟ್ರ ಹತ್ತಿರ ಕೇಳಲು ಸಂಕೋಚ ಬೇಡ. ಅವರು ಹೇಳದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಶಾಲಾವಾರು ಪಟ್ಟಿ ಇರುತ್ತದೆ.

ಶಿಕ್ಷಕರ ವಿಷಯಕ್ಕೆ ಬಂದರೆ, ‘ಎಷ್ಟು ಜನ ಇದ್ದಾರೆ’ ಎಂದು ಸುಮ್ನೆ ಕೇಳಿ ಬರಬೇಡಿ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮೇಷ್ಟ್ರು, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮೇಷ್ಟ್ರು, ಇಂಗ್ಲಿಷ್ ಮೇಷ್ಟ್ರು ಹೀಗೆ ಒಬ್ಬೊಬ್ಬರನ್ನೇ ಕೇಳಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದು ನಿಯೋಜನೆ ಮೇಲೆ ಬೇರೆ ಕಡೆ ಕೆಲಸ ಮಾಡುವವರೂ ಇರುತ್ತಾರೆ. ಅತಿಥಿ ಶಿಕ್ಷಕರ ಪಾಠ ಕಳಪೆಯೇನಲ್ಲ. ನಾನು ಕಂಡ ಅತ್ಯುತ್ತಮ ವಿಜ್ಞಾನ ಪಾಠ ಒಬ್ಬ ಅತಿಥಿ ಶಿಕ್ಷಕಿಯದೇ. ಆದರೆ ಅವರ ನೇಮಕ ತಡವಾದರೆ ವರ್ಷದ ಮೊದಲ ಪಾಠಗಳು ಹೋಗುತ್ತವೆ. ‘ಜೂನ್ ತಿಂಗಳಲ್ಲಿ ಗಣಿತ ಯಾರು ತಗೊಂಡ್ರು?’ ಎಂದು ಮಕ್ಕಳನ್ನೇ ಕೇಳಿ. ಹೊಸ ಕಟ್ಟಡ ಮತ್ತು ಕಾಯಂ ಗಣಿತ ಶಿಕ್ಷಕರ ನಡುವೆ ಆಯ್ಕೆ ಬಂದರೆ ಎರಡನೆಯದನ್ನೇ ಹಿಡಿಯಿರಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಶಾಲೆಗೆ ಒಮ್ಮೆ ಹೋಗಿ ಬನ್ನಿ. ಆಗಸ್ಟ್ 15ರಂದಲ್ಲ, ಫೆಬ್ರುವರಿಯ ಒಂದು ಮಾಮೂಲಿ ದಿನ, ಬಿಸಿಯೂಟದ ಹೊತ್ತಿಗೆ. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ತಿರುಗಿಸಿ, ನೀರು ಬರುತ್ತಾ ನೋಡಿ. ಲ್ಯಾಬಿನ ಬಾಗಿಲು ತೆಗೆಸಿ. ಒಂದು ಕಡೆ ಸೂಕ್ಷ್ಮದರ್ಶಕದ ಪ್ಲಾಸ್ಟಿಕ್ ಕವರನ್ನೇ ಇನ್ನೂ ಬಿಚ್ಚಿರಲಿಲ್ಲ. ಇನ್ನೊಂದು ಕಡೆ ಮೇಜಿನ ತುಂಬ ಆಸಿಡ್ ಕಲೆ, ಮೂಲೆಯಲ್ಲಿ ಒಡೆದ ಬೀಕರ್. ನನಗೆ ಹಿಡಿಸಿದ್ದು ಆ ಕಲೆಯಿದ್ದ ಮೇಜು. ಅಲ್ಲಿ ಮಕ್ಕಳು ಕೈಯಾರೆ ಪ್ರಯೋಗ ಮಾಡಿದ್ದರು.

ಬಸ್ಸಿನ ವೇಳೆ ಬರೆದುಕೊಳ್ಳಿ. ಹತ್ತನೇ ಕ್ಲಾಸಿಗೆ ಬಂದರೆ ಸಂಜೆ ವಿಶೇಷ ತರಗತಿ ಇರುತ್ತದೆ. ಅದು ಮುಗಿದ ಮೇಲೆ ನಿಮ್ಮೂರಿಗೆ ಬಸ್ಸಿದೆಯಾ? ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಖಾಸಗಿ ಬಸ್ಸೇ ಜಾಸ್ತಿ ಇರುವ ಕಡೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಈಗಲೇ ಲೆಕ್ಕ ಹಾಕಿ.

ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಮಗುವಿನ ಮುಂದಿಡಿ. ಟಿಸಿ ತರುವ ಮೊದಲು ಅವಳಿಗೂ ಒಂದು ಮಾತು ಕೇಳಿ, ದಿನಾ ಹೋಗಬೇಕಾದವಳು ಅವಳು.