ಬ್ಯಾಳಿ ಬೇಯೋ ನೀರು

ಕುಷ್ಟಗಿ ತಾಲೂಕಿನ ಆ ಊರಿಗೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿ 38 ಪ್ರಶ್ನೆಗಳ ಫಾರಂ ಇತ್ತು. ಊರಿನ ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ವಿಷಯ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಇದು ಜಾಸ್ತಿ ಇದ್ದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದವರಿಗೆ ಸೊಂಟ, ಕುತ್ತಿಗೆ, ಕೀಲು ಬಿಗಿಯುತ್ತವೆ. ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ ನಡೆಯುತ್ತದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಇದೆ, ಭತ್ತದ ಗದ್ದೆ ಇದೆ. ಕುಷ್ಟಗಿ, ಯಲಬುರ್ಗಾ ಹಾಗಲ್ಲ. ಇಲ್ಲಿ ಒಣ ಬೇಸಾಯ, ಕೆಳಗೆ ಗ್ರಾನೈಟ್ ಬಂಡೆ. ನೀರು ಕೆಳಗಿಳಿದಂತೆಲ್ಲ ಬೋರು ಇನ್ನೂ ಆಳಕ್ಕೆ. ಬಂಡೆಯ ಜೊತೆ ಜಾಸ್ತಿ ಕಾಲ ಕೂತ ನೀರು ಫ್ಲೋರೈಡ್ ಕರಗಿಸಿಕೊಂಡೇ ಮೇಲೆ ಬರುತ್ತದೆ.

ನಾನು ಮಂಡ್ಯ ಕಡೆಯವಳು. ಫಾರಂನಲ್ಲಿ ‘ಮಂಡಿ ನೋವು ಇದೆಯೇ?’ ಅಂತ ಬರೆದಿದ್ದೆ. ಮೊದಲ ಮನೆಯ ಅಜ್ಜಿ ಸುಮ್ನೆ ನನ್ನ ಮುಖ ನೋಡಿದರು. ಜೊತೆಗಿದ್ದ ಆಶಾ ಕಾರ್ಯಕರ್ತೆ, ‘ಮಣಕಾಲು ನೋಯ್ತಾವೇನಬೆ ಅಂತ ಕೇಳಾಕತ್ತಾರ’ ಅಂದರು. ಅಜ್ಜಿ ನಕ್ಕರು. ‘ಇದನ್ನ ಕೇಳಾಕ ಅಲ್ಲಿಂದ ಬಂದೀಯೇನವ್ವಾ? ಯಾರಿಗೆ ನೋಯಂಗಿಲ್ಲ ಹೇಳು.’

ಆವತ್ತು ಹನ್ನೊಂದು ಮನೆ ಮುಗಿಸಿದೆ. ಸಂಜೆ ಬಸ್ಸಿಗೆ ಕಾಯುತ್ತಾ ಫಾರಂ ತಿರುವಿದರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ. ‘ಘಟಕದ ನೀರು ಕುಡೀತೀವಿ.’ ಅಂದರೆ ಶುದ್ಧ ಕುಡಿಯುವ ನೀರಿನ ಘಟಕ, ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದಲ್ಲ, ಅದು. ಫಾರಂ ನಂಬಿದರೆ ಆ ಊರಲ್ಲಿ ಸಮಸ್ಯೆಯೇ ಇಲ್ಲ. ಆದರೆ ಶಾಲೆಯಲ್ಲಿ ಮಕ್ಕಳು ಬಾಯಿಬಿಟ್ಟು ನಕ್ಕಾಗ ನಾನೇ ನೋಡಿದ್ದೆ. ಘಟಕ ಬಂದ ಮೇಲೆ ಹುಟ್ಟಿದ ಮಕ್ಕಳ ಹೊಸ ಹಲ್ಲಲ್ಲೂ ಕಲೆ ಇತ್ತು. ಹಲ್ಲು ಒಸಡಿನ ಒಳಗೆ ರೂಪುಗೊಳ್ಳುವಾಗಲೇ, ಅಂದರೆ ಹೆಚ್ಚುಕಡಿಮೆ ಎಂಟು ವರ್ಷದ ಒಳಗೇ, ಈ ಕಲೆ ಕೂತುಬಿಡುತ್ತದೆ. ಆಮೇಲೆ ಎಂಥ ನೀರು ಕುಡಿದರೂ ಹೋಗುವುದಿಲ್ಲ. ಹಾಗಾದರೆ ಈ ಮಕ್ಕಳಿಗೆ ಫ್ಲೋರೈಡ್ ಎಲ್ಲಿಂದ ಸಿಕ್ಕಿತು?

ಊರಿನವರ ಜೊತೆ ಸೇರಿಯೇ ಸಂಶೋಧನೆ ಮಾಡುವ ದಾರಿಯನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಪ್ರಶ್ನೆ ಯಾವುದು, ಹೇಗೆ ಹುಡುಕಬೇಕು, ಸಿಕ್ಕ ಉತ್ತರ ಯಾರದ್ದು, ಇದೆಲ್ಲ ಅವರೂ ನಾವೂ ಸೇರಿ ತೀರ್ಮಾನಿಸಬೇಕು ಅನ್ನುವುದು ಅದರ ತಿರುಳು. ನೆಲದ ಮೇಲೆ ಊರಿನ ನಕ್ಷೆ ಬರೆಸುವುದು, ಕಾಳು ಇಟ್ಟು ಅಂಕ ಕೊಡಿಸುವುದು ಇವೆಲ್ಲ ಹೊರಗಿನಿಂದ ಬಂದ ಸಾಮಾನು ಅಂದುಕೊಳ್ಳಬೇಡಿ. 1980ರ ದಶಕದ ಕೊನೆಗೇ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡಾ ಸಂಸ್ಥೆಯವರು ಇದನ್ನು ಮಾಡಿ ಬೆಳೆಸಿದ್ದರು. ಓದುವಾಗ ಎಲ್ಲ ಸಲೀಸು ಅನ್ನಿಸಿತ್ತು. ಮಾಡಲು ಹೊರಟಾಗ ಮೊದಲ ಜಗಳ ದುಡ್ಡಿನದು.

ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದ ಐವರು ಹೆಂಗಸರು, ಪಿಯುಸಿ ಓದುವ ಒಬ್ಬ ಹುಡುಗ. ಇದು ನಮ್ಮ ತಂಡ. ಮೊದಲ ಸಭೆಯಲ್ಲೇ ಸಂಘದ ಹಿರಿಯಕ್ಕ ಕೇಳಿದರು. ‘ನೀವು ಬರಕೊಂಡು ಹೋಗ್ತೀರಿ. ನಾವು ಕೂಲಿ ಬಿಟ್ಟು ಬರ್ತೀವಿ. ನಮಗೇನ್ ಬರ್ತೈತ್ರಿ?’ ಬಜೆಟ್ ತೆಗೆದು ನೋಡಿದೆ. ನನಗೆ ಪ್ರಯಾಣ ಭತ್ಯೆ ಇತ್ತು, ಊಟದ ಭತ್ಯೆ ಇತ್ತು, ಲ್ಯಾಪ್‌ಟಾಪ್ ರಿಪೇರಿಗೂ ಒಂದು ಸಾಲು ಇತ್ತು. ಅವರ ಹೆಸರಲ್ಲಿ ಒಂದು ಪೈಸೆಯೂ ಇರಲಿಲ್ಲ. ‘ಸಮುದಾಯದ ಸಹಭಾಗಿತ್ವ’ ಅನ್ನುವ ಮಾತು ಮಾತ್ರ ಪ್ರತಿ ಪುಟದಲ್ಲೂ ಇತ್ತು! ದುಡ್ಡು ಕೊಡುತ್ತಿದ್ದ ಸಂಸ್ಥೆಗೆ ಪತ್ರ ಬರೆದೆ. ‘ಹಣ ಕೊಟ್ಟರೆ ಸ್ವಯಂಪ್ರೇರಣೆ ಹಾಳಾಗುತ್ತದೆ’ ಅಂತ ಉತ್ತರ ಬಂತು. ಹಾಗಾದರೆ ನನ್ನ ಸ್ವಯಂಪ್ರೇರಣೆ ಸಂಬಳದಿಂದ ಹಾಳಾಗಿಲ್ವಾ ಅಂತ ತಿರುಗಿ ಬರೆದೆ. ಎರಡು ತಿಂಗಳು ಎಳೆದಾಡಿ, ಕೊನೆಗೆ ದಿನದ ಕೂಲಿಯಷ್ಟು ಗೌರವಧನ ಒಪ್ಪಿಸಿದೆ. ಅಲ್ಲಿಯವರೆಗೆ ಕೆಲಸ ನಿಂತಿತ್ತು. ನಿಂತಿದ್ದೇ ಸರಿ ಅಂತ ಈಗಲೂ ನನಗೆ ಅನ್ನಿಸುತ್ತದೆ.

ನಕ್ಷೆ ಬರೆಯಲು ಹನುಮಪ್ಪನ ಗುಡಿ ಮುಂದೆ ಸೇರಿದೆವು. ರಂಗೋಲಿ ಪುಡಿ, ಇದ್ದಿಲು, ಬೇವಿನ ಎಲೆ. ಹತ್ತು ನಿಮಿಷದಲ್ಲಿ ಕಟ್ಟೆಯ ಮೇಲಿದ್ದ ಗಂಡಸರು ಇಳಿದು ಬಂದರು. ರಂಗೋಲಿ ಡಬ್ಬಿ ಅವರ ಕೈಗೆ ಹೋಯಿತು. ನಕ್ಷೆಯಲ್ಲಿ ಗುಡಿ ಬಂತು, ಪಂಚಾಯಿತಿ ಬಂತು, ಯಾರ ಹೊಲ ಎಲ್ಲಿಂದ ಎಲ್ಲಿಗೆ ಅಂತ ಬಂತು, ಬದುವಿನ ತಕರಾರೂ ಬಂತು. ನೀರು ಮಾತ್ರ ಮೂರೇ ಕಡೆ ಬಂತು. ಕೇರಿಯ ಹೆಂಗಸರು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತೇ ಇದ್ದರು, ಗುಡಿ ಅಂಗಳಕ್ಕೆ ಬರಲಿಲ್ಲ. ಅವರು ಯಾಕೆ ಬರಲಿಲ್ಲ ಅಂತ ನಾನು ಸಂಜೆ ಕೇಳಿದೆ. ಜಾಗ ಗೊತ್ತುಮಾಡುವ ಮೊದಲೇ ಕೇಳಬೇಕಿತ್ತು. ತಪ್ಪು ನನ್ನದೇ.

ಮತ್ತೆ ಎರಡು ಸಲ ನಕ್ಷೆ ಬರೆದೆವು. ಒಂದು ಅಂಗನವಾಡಿಯಲ್ಲಿ ಮಧ್ಯಾಹ್ನ, ಹೆಂಗಸರು ಮಾತ್ರ. ಇನ್ನೊಂದು ಕೇರಿಯಲ್ಲೇ, ಅಂಬೇಡ್ಕರ್ ಬೋರ್ಡಿನ ಎದುರಿಗೆ. ಆಗ ನೀರಿನ ಜಾಗ ಏಳಾದವು. ಶಾಲೆ ಹಿಂದೆ ಒಂದು ಹಳೇ ಕೈಪಂಪು ಇತ್ತು. ಅದರ ಕಟ್ಟೆಯ ಮೇಲೆ ‘ರಾಯಚೂರು ಜಿಲ್ಲೆ’ ಅಂತ ಕೆತ್ತಿತ್ತು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವ ಮುಂಚಿನದು. ಹಳ್ಳದ ದಾರಿಯಲ್ಲಿ ಒಬ್ಬರ ಹೊಲದ ಬೋರು ಇತ್ತು. ನಮ್ಮ ಕೈಗೆ ಬಂದಿದ್ದ ಸರಕಾರಿ ಪಟ್ಟಿಯಲ್ಲಿ ಅದು ಇರಲೇ ಇಲ್ಲ, ಖಾಸಗಿ ಬೋರು ಅಲ್ವಾ. ಆದರೆ ಅರ್ಧ ಊರು ಕೊಡ ಹಿಡಿದು ಅಲ್ಲಿಗೇ ಹೋಗುತ್ತಿತ್ತು.

ಯಾಕೆ ಅಷ್ಟು ದೂರ ಅಂತ ಕೇಳಿದೆ. ಉತ್ತರ ಒಟ್ಟಿಗೆ ಬಂತು. ‘ಬ್ಯಾಳಿ ಚಲೋ ಬೇಯ್ತೈತ್ರಿ!’

ಅಲ್ಲಿಯವರೆಗೆ ನಾನು ಕೇಳುತ್ತಿದ್ದದ್ದು ಕುಡಿಯುವ ನೀರಿನ ಬಗ್ಗೆ. ಅವರು ಹೇಳುತ್ತಿದ್ದದ್ದು ನಿಜವೇ, ಕುಡಿಯಲು ಘಟಕದ ನೀರು. ಆದರೆ ಬೇಳೆ, ಅನ್ನ, ಚಾ, ಸಂಕಟಿ, ರೊಟ್ಟಿ ಹಿಟ್ಟಿಗೆ ಹಾಕುವ ಎಸರು, ಇದಕ್ಕೆಲ್ಲ ಬೋರಿನ ನೀರು. ‘ಚಾಕ್ಕ ಯಾರರ ರೊಕ್ಕದ ನೀರು ಹಾಕ್ತಾರೇನ್ರಿ?’ ಅಂತ ಒಬ್ಬಾಕೆ ನನ್ನನ್ನೇ ಕೇಳಿದಳು. ಕುದಿಸಿದರೆ ಹುಳ ಸಾಯುತ್ತವೆ, ಸರಿ. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಚಹಾ ಪುಡಿಯಲ್ಲೂ ಫ್ಲೋರೈಡ್ ಇರುತ್ತದೆ. ನನ್ನ 38 ಪ್ರಶ್ನೆಗಳಲ್ಲಿ ಅಡುಗೆ ನೀರಿನ ಬಗ್ಗೆ ಒಂದೂ ಇರಲಿಲ್ಲ.

ಮುಂದಿನ ವಾರ ಕಾಳಿನ ಆಟ ಆಡಿದೆವು. ಏಳು ನೀರಿಗೆ ಏಳು ಸಾಲು. ಮೇಲೆ ಅವರೇ ಆರಿಸಿದ ನಾಲ್ಕು ವಿಷಯ: ರುಚಿ, ಸಾಬೂನು ನೊರೆ, ದೂರ, ಬ್ಯಾಳಿ ಬೇಯೋದು. ಒಂದೊಂದು ಚೌಕಕ್ಕೂ ಹತ್ತರವರೆಗೆ ಜೋಳದ ಕಾಳು ಇಡಬಹುದು. ನಕ್ಕರು, ಬೈದಾಡಿದರು, ಒಬ್ಬರು ಇಟ್ಟ ಕಾಳನ್ನು ಇನ್ನೊಬ್ಬರು ತೆಗೆದರು. ಕೈಪಂಪಿಗೆ ಬ್ಯಾಳಿ ಚೌಕದಲ್ಲಿ ಒಂದೇ ಕಾಳು. ‘ಸವಳ ನೀರು, ಎರಡು ತಾಸು ಕುದಿಸಿದ್ರೂ ಕಾಳು ಕಾಳಾಗೇ ಇರ್ತೈತಿ.’ ಹೊಲದ ಬೋರಿಗೆ ಹತ್ತಕ್ಕೆ ಹತ್ತು, ನೊರೆಗೂ ಹತ್ತು.

ಆಮೇಲೆ ಕಿಟ್. ಜಲ ಜೀವನ್ ಮಿಷನ್ನಿನಲ್ಲಿ ಊರಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತಿದೆ. ಪೆಟ್ಟಿಗೆಯೂ ಊರಿಗೆ ಬಂದಿತ್ತು, ಸೀಲು ಒಡೆದಿರಲಿಲ್ಲ. ಒಡೆದು ನೋಡಿದರೆ ಫ್ಲೋರೈಡ್ ದ್ರಾವಣದ ಅವಧಿ ಮುಗಿದಿತ್ತು. ಹೊಸದನ್ನು ಗ್ರಾಮ ಆರೋಗ್ಯ ಸಮಿತಿಯ ದುಡ್ಡಿನಿಂದ ತರಿಸಿದೆವು. ಈ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇರುತ್ತದೆ. ಅದನ್ನು ಹೀಗೂ ಬಳಸಬಹುದು ಅಂತ ಬಹಳ ಊರಲ್ಲಿ ಗೊತ್ತೇ ಇಲ್ಲ.

ಪುಟ್ಟ ಗಾಜಿನ ನಳಿಕೆಗೆ ನೀರು, ಅದಕ್ಕೆ ದ್ರಾವಣದ ಹನಿ. ಫ್ಲೋರೈಡ್ ಕಡಿಮೆ ಇದ್ದರೆ ಗುಲಾಬಿ ಬಣ್ಣ ಉಳಿಯುತ್ತದೆ, ಜಾಸ್ತಿ ಇದ್ದಷ್ಟೂ ಹಳದಿಗೆ ತಿರುಗುತ್ತದೆ. ಹನಿ ಹಾಕಿದ್ದು ನಾನಲ್ಲ, ಹಿರಿಯಕ್ಕ. ಕೈ ಸ್ವಲ್ಪ ನಡುಗುತ್ತಿತ್ತು. ಕೈಪಂಪಿನ ಸವಳು ನೀರು ಗುಲಾಬಿಯಾಗೇ ಉಳಿಯಿತು. ಹೊಲದ ಬೋರಿನ ನೀರು ನೋಡನೋಡುತ್ತಿದ್ದಂತೆ ಅರಿಶಿನದ ಬಣ್ಣಕ್ಕೆ ಬಂತು. ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯಕ್ಕ, ‘ಅದಲು ಬದಲು ಆಗೈತೇನು ನೋಡ್ರಿ’ ಅಂದರು. ಮತ್ತೆ ಮಾಡಿದೆವು. ಅದೇ ಬಣ್ಣ. ಬಣ್ಣ ನೋಡಿ ಹೇಳುವುದು ಅಂದಾಜಷ್ಟೇ. ಹಾಗಾಗಿ ಬಾಟಲಿಯಲ್ಲಿ ತುಂಬಿ ಲ್ಯಾಬಿಗೂ ಕಳಿಸಿದೆವು. ಅಲ್ಲಿಂದ ಬಂದದ್ದೂ 1.5 ದಾಟಿದ ಅಂಕಿಯೇ.

ನನಗೂ ತಲೆ ಕೆಟ್ಟಿತು. ಎಲ್ಲರಿಗೂ ಇಷ್ಟದ ನೀರೇ ಯಾಕೆ ಕೆಟ್ಟದ್ದು? ಓದಿದಾಗ ಗೊತ್ತಾಯಿತು, ಇದು ಕಾಕತಾಳೀಯ ಅಲ್ಲ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದುಕೊಂಡು ಗಟ್ಟಿಯಾಗಿ ಬಂಡೆಯಲ್ಲೇ ಉಳಿಯುತ್ತದೆ. ಅಂಥ ಗಡಸು ನೀರಲ್ಲಿ ನೊರೆ ಬರಲ್ಲ, ಬೇಳೆ ಬೇಯಲ್ಲ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ, ಬೈಕಾರ್ಬನೇಟ್ ಜಾಸ್ತಿ ಇರುವ ಮೆದು ನೀರಲ್ಲಿ ಫ್ಲೋರೈಡ್ ಆರಾಮಾಗಿ ಕರಗಿರುತ್ತದೆ. ಬೇಳೆ ಬೇಗ ಬೇಯಲಿ ಅಂತ ನಾವು ಚಿಟಿಕೆ ಅಡುಗೆ ಸೋಡಾ ಹಾಕುತ್ತೇವಲ್ಲ, ಆ ಬೋರಿನ ನೀರಲ್ಲಿ ಅದು ಮೊದಲೇ ಇದೆ ಅಂದುಕೊಳ್ಳಿ. ಎಲ್ಲ ಊರಲ್ಲೂ ಹೀಗೇ ಇರುತ್ತದೆ ಅಂತಲ್ಲ. ಗಡಸು ನೀರಲ್ಲೂ ಫ್ಲೋರೈಡ್ ಸಿಗಬಹುದು, ಪರೀಕ್ಷೆ ಮಾಡಲೇಬೇಕು. ಆದರೆ ಯಾವ ಬೋರನ್ನು ಮೊದಲು ನೋಡಬೇಕು ಅಂತ ನನಗೆ ತೋರಿಸಿದ್ದು ಜೋಳದ ಕಾಳು.

ಇನ್ನೇನು, ಆ ನೀರು ಬಿಡಿ ಅಂತ ಹೇಳಿದರಾಯಿತು ಅಂದುಕೊಂಡೆ. ಸಂಘದವರು ತಡೆದರು. ‘ಹಳದಿ ಬಣ್ಣ ತೋರಿಸಿದ್ರ ಯಾರೂ ಕೇಳಂಗಿಲ್ರಿ. ಬ್ಯಾಳಿ ಬೇಯಿಸಿ ತೋರಿಸಬೇಕು.’ ಅಂಗನವಾಡಿ ಅಂಗಳದಲ್ಲಿ ಎರಡು ಒಲೆ ಹೂಡಿದರು. ಒಂದೇ ಅಳತೆಯ ತೊಗರಿ ಬೇಳೆ, ಒಂದೇ ಥರದ ಬೋಗುಣಿ, ಎರಡಕ್ಕೂ ಸಮ ಸೌದೆ. ಒಂದಕ್ಕೆ ಹೊಲದ ಬೋರಿನ ನೀರು, ಇನ್ನೊಂದಕ್ಕೆ ಘಟಕದ್ದು. ಪಿಯುಸಿ ಹುಡುಗ ಮೊಬೈಲಲ್ಲಿ ಟೈಮ್ ಹಿಡಿದ. ಒಬ್ಬಾಕೆ ಸೌಟಿನಲ್ಲಿ ನಾಲ್ಕು ಕಾಳು ತೆಗೆದು ಬೆರಳಲ್ಲಿ ಹಿಸುಕುತ್ತಾ ಕೂತಳು. ಬೋರಿನದು ಮೊದಲು ಬೆಂತು, ಸುಳ್ಳು ಹೇಳುವುದಿಲ್ಲ. ಆದರೆ ಘಟಕದ್ದು ಸ್ವಲ್ಪ ಹೊತ್ತಿನಲ್ಲೇ ಹಿಂದೆಯೇ ಬಂತು. ಘಟಕದ ನೀರೂ ಮೆದುವೇ ಅಲ್ವಾ. ಸಾರು ಮಾಡಿ ಎಲ್ಲರೂ ಉಂಡೆವು. ನನ್ನ ಇಡೀ ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಯೋಗ ನಾನು ಮಾಡಿಲ್ಲ.

ಲೆಕ್ಕ ಮಾತ್ರ ಸುಲಭವಿರಲಿಲ್ಲ. ಅಡುಗೆಗೂ ಘಟಕದ ನೀರು ಅಂದರೆ ದಿನಕ್ಕೆ ಇನ್ನೊಂದು ಕ್ಯಾನ್, ತಿಂಗಳಿಗೆ 150 ರೂಪಾಯಿ. ಕೇರಿಯಿಂದ ಘಟಕ ದೂರ. ಮೇಲಾಗಿ ಅದು ತೆರೆಯುವ ಹೊತ್ತಿಗೆ ಕೂಲಿಯವರು ಹೊಲದಲ್ಲಿರುತ್ತಾರೆ. ಹೊಲದ ಬೋರಿಗೆ ಕೆಂಪು ಬಣ್ಣ ಬಳಿಯೋಣ ಅಂತ ನಾನೊಮ್ಮೆ ಹೇಳಿದೆ. ಕೇರಿಯ ಹೆಂಗಸರು ಒಪ್ಪಲಿಲ್ಲ. ‘ಮೊದಲು ನಮಗ ಬ್ಯಾರೆ ನೀರು ಕೊಡ್ರಿ, ಆಮ್ಯಾಲೆ ಬಣ್ಣ ಹಚ್ಚಿರಿ.’ ಆ ಮಾತನ್ನು ಗ್ರಾಮಸಭೆಯಲ್ಲಿ ಅವರೇ ಎದ್ದು ನಿಂತು ಹೇಳಿದರು. ಘಟಕ ಬೆಳಗ್ಗೆ ಬೇಗ, ಸಂಜೆ ಮತ್ತೊಮ್ಮೆ ತೆರೆಯುವಂತಾಯಿತು. ಕೇರಿಗೆ ನಳ ಎಳೆಯುತ್ತೇವೆ ಅಂದವರು ಅಳತೆ ತೆಗೆದುಕೊಂಡು ಹೋದರು. ನಾನು ಇದ್ದ ತನಕ ಪೈಪು ಬರಲಿಲ್ಲ.

ಊರಿನ ಹೆಸರಿನ ಮಾತು. ವರದಿಯನ್ನು ಮೊದಲು ಅವರ ಮುಂದೆ ಓದಿದೆ. ಎಲ್ಲ ಕೇಳಿ ಒಬ್ಬ ತಾಯಿ ಅಂದರು, ‘ಊರ ಹೆಸರು ತೆಗೀರಿ. ಈಗರ ಹೆಣ್ಣು ನೋಡಾಕ ಬಂದೋರು ಮೊದಲು ಹಲ್ಲು ನೋಡ್ತಾರ.’ ಪಕ್ಕದಲ್ಲಿ ಅವರ ಮಗಳು ಕೂತಿದ್ದಳು. ನಗುವಾಗಲೆಲ್ಲ ಬಾಯಿಗೆ ವೇಲು ಅಡ್ಡ ಹಿಡಿಯುವ ಹುಡುಗಿ. ಸಂಸ್ಥೆಗೆ ಊರಿನ ಹೆಸರೂ ಫೋಟೋಗಳೂ ಬೇಕಿತ್ತು. ಕೊಡಲಿಲ್ಲ. ನೀರಿನ ಫಲಿತಾಂಶ ಪಂಚಾಯಿತಿಗೆ, ಆರೋಗ್ಯ ಇಲಾಖೆಗೆ ಹೋಯಿತು. ಅಲ್ಲಿ ಹೆಸರು ಬೇಕು, ಇಲ್ಲದಿದ್ದರೆ ಕೆಲಸ ಆಗಲ್ಲ. ಬೇರೆಲ್ಲೂ ಇಲ್ಲ.

ಕೊನೆಯ ಸಲ ಹೋದಾಗ ಕಿಟ್ ಅವರ ಹತ್ತಿರವೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೆ. ಪಿಯುಸಿ ಹುಡುಗ ಓಡಿ ಬಂದ. ‘ಯಕ್ಕಾ, ಘಟಕದ ಹಿಂದ ಪೈಪಿನ್ಯಾಗ ನೀರು ಹೊರಗ ಹೊಕ್ಕೈತಲ್ಲ, ಅದನ್ನ ಎಮ್ಮಿ ಕುಡಿತಾವ. ತೆಗೆದ ಫ್ಲೋರೈಡ್ ಎಲ್ಲಾ ಅದರಾಗ ಇರಬೇಕಲ್ಲ?’ ಇರಬೇಕು. ಘಟಕ ಬೇರ್ಪಡಿಸಿದ್ದೆಲ್ಲ ಆ ನೀರಲ್ಲೇ ಹೊರಗೆ ಹೋಗುತ್ತದೆ. ನನಗೆ ಅದು ಹೊಳೆದೇ ಇರಲಿಲ್ಲ. ಅವನ ಕೈಯಲ್ಲಿ ಆಗಲೇ ಒಂದು ಬಾಟಲಿ ಇತ್ತು, ತುಂಬಿತ್ತು. ಮುಚ್ಚಳದ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿದ್ದ.